ಮೊದಲ ‘ಇಲ್ಲ’ ಕಡೆಯ ‘ಇಲ್ಲ’ ಅಲ್ಲ
(ಅಂತೂರ ಬೆಂತೂರದಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಗದಗಿನ ಹಾಸ್ಟೆಲ್‌ಗಳಿಂದ ಬಂದವರು ಇದ್ದೀರಿ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯವರೂ ಇದ್ದೀರಿ. ಯಾಕ ಓದಾಕತ್ತೀರಿ ಅಂತ ಕೇಳಿದರೆ ಬಹಳ ಮಂದಿ ‘ಸರಕಾರಿ ನೌಕರಿಗೆ ರೀ’ ಅಂತೀರಿ. ಒಳ್ಳೇದು. ಕೇರಿಯಿಂದ ಒಬ್ಬರು ಆಫೀಸಿಗೆ ಹೋದರೆ ಒಂದು ಮನೆ ಎದ್ದು ನಿಲ್ಲುತ್ತದೆ. ಆದರೆ ನೌಕರಿ ಸಿಕ್ಕ ದಿನವೇ ಜಾತಿ ಗೇಟಿನ ಹೊರಗೆ ಉಳಿಯುತ್ತದೆ ಅಂತ ತಿಳಿಯಬೇಡಿ. ಅದು ನಮಗಿಂತ ಮೊದಲೇ ಒಳಗೆ ಹೋಗಿ ಕುರ್ಚಿ ಹಿಡಿದು ಕೂತಿರುತ್ತದೆ.

ಬಾಬಾಸಾಹೇಬರು ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದರು. ಸಿಪಾಯಿಗಳು ಮೈಲಿಗೆಗೆ ಹೆದರಿ ಕಡತಗಳನ್ನು ದೂರದಿಂದಲೇ ಎಸೆಯುತ್ತಿದ್ದರು. ಆ ಊರಲ್ಲಿ ಇರಲು ಅವರಿಗೊಂದು ಖೋಲಿ ಸಿಗಲಿಲ್ಲ. ನೌಕರಿ ಬಿಟ್ಟು ಬರಬೇಕಾಯಿತು. ಮೇಲೆ ಹೋಗಿ ಕೇಳಲು ಅವತ್ತು ಅವರ ಕೈಯಲ್ಲಿ ಒಂದು ಕಾನೂನು ಇರಲಿಲ್ಲ. ಮುಂದೆ ಅವರೇ ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನದ 16ನೇ ವಿಧಿ ಸರಕಾರಿ ನೌಕರಿಯಲ್ಲಿ ಜಾತಿಯ ಕಾರಣಕ್ಕೆ ಭೇದ ಮಾಡಕೂಡದು ಎನ್ನುತ್ತದೆ. ಆ ಕಾನೂನು ಇವತ್ತು ನಮ್ಮ ಕೈಯಲ್ಲಿದೆ. ನಾವು ಅದನ್ನು ಹಿಡಿದು ಎಷ್ಟು ದೂರ ಹೋಗುತ್ತೇವೆ ಅನ್ನುವುದೇ ಪ್ರಶ್ನೆ.

ಇವತ್ತು ಕಡತ ಎಸೆಯುವವರು ಕಡಿಮೆ. ಕಡತದೊಳಗೇ ಹೊಡೆಯುತ್ತಾರೆ. ವಾರ್ಷಿಕ ವರದಿಯಲ್ಲಿ ‘ಸಾಧಾರಣ’ ಅಂತ ಒಂದೇ ಪದ ಬರೀತಾರೆ, ಬಡ್ತಿ ಹೋಗುತ್ತದೆ. ಒಂದೇ ತಪ್ಪಿಗೆ ಒಬ್ಬನಿಗೆ ಬುದ್ಧಿಮಾತು, ನಮ್ಮವನಿಗೆ ಇನ್‌ಕ್ರಿಮೆಂಟ್ ಕಡಿತ. ಜ್ಯೇಷ್ಠತಾ ಪಟ್ಟಿಯಲ್ಲಿ ಹೆಸರು ನಾಲ್ಕು ಸಾಲು ಕೆಳಗೆ ಇಳಿದಿರುತ್ತದೆ. ಎಲ್ಲೂ ಜಾತಿಯ ಹೆಸರು ಇರುವುದಿಲ್ಲ. ದೂರು ಕೊಟ್ಟರೆ ತಿಂಗಳುಗಟ್ಟಲೆ ಕಾಯಿಸಿ ‘ಪರಿಶೀಲಿಸಲಾಗಿದೆ, ಹುರುಳಿಲ್ಲ’ ಅಂತ ಒಂದು ಹಿಂಬರಹ ಕೊಡುತ್ತಾರೆ. ಅದನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡು ‘ನಮ್ಮ ಹಣೇಬರಹ ಬಿಡ್ರಿ’ ಅಂತ ಸುಮ್ಮನಾಗುತ್ತೇವೆ. ನಾವು ಸೋಲುವುದು ಅಲ್ಲಿಯೇ. ಹಿಂಬರಹ ಹಣೆಬರಹ ಅಲ್ಲ. ಅದು ಮೇಲ್ಮನವಿಯ ಮೊದಲ ಕಾಗದ.

ನಮ್ಮ ರಾಜ್ಯದ್ದೇ ಕಥೆ ಕೇಳಿ. 1978ರ ಏಪ್ರಿಲ್ 27ರ ಸರಕಾರಿ ಆದೇಶದಿಂದ ಬಡ್ತಿಯಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 3 ಮೀಸಲಾತಿ ಬಂತು. ಬಡ್ತಿ ಸಿಕ್ಕರೆ ಸಾಕೇ? ಮೊದಲು ಮೇಲೆ ಹೋದವನಿಗೆ ಆ ದಿನದಿಂದ ಹಿರಿತನ ಸಿಗಬೇಕೋ, ಅಥವಾ ಆಮೇಲೆ ಬಡ್ತಿ ಪಡೆದು ಬಂದ ಸಾಮಾನ್ಯ ವರ್ಗದವನು ಮತ್ತೆ ಅವನನ್ನು ಹಿಂದೆ ಹಾಕಬೇಕೋ? ಜಗಳ ಇದು. 2001ರಲ್ಲಿ ಸಂವಿಧಾನದ 85ನೇ ತಿದ್ದುಪಡಿ ಹಿರಿತನವನ್ನೂ ಕೊಡಬಹುದು ಎಂದಿತು. 2002ರಲ್ಲಿ ಕರ್ನಾಟಕ ಕಾಯ್ದೆ ಮಾಡಿತು. ಆದರೆ 2006ರ ನಾಗರಾಜ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ನೌಕರಿಯಲ್ಲಿ ಇವರ ಪಾಲು ಕಡಿಮೆ ಇದೆ ಎಂಬುದಕ್ಕೆ ಲೆಕ್ಕ ಕೊಡಿ ಎಂದು ಕೇಳಿತು. ಲೆಕ್ಕ ಇಲ್ಲ ಎಂಬ ಕಾರಣಕ್ಕೆ 2017ರ ಫೆಬ್ರವರಿ 9ರಂದು, ಬಿ.ಕೆ. ಪವಿತ್ರಾ ಪ್ರಕರಣದಲ್ಲಿ, 2002ರ ಕಾಯ್ದೆಯ ಹಿರಿತನದ ಭಾಗ ಬಿದ್ದುಹೋಯಿತು. ನಮ್ಮ ನೌಕರರ ತಲೆಯ ಮೇಲೆ ಹಿಂಬಡ್ತಿಯ ಕತ್ತಿ ತೂಗಿತು.

ಅವತ್ತು ಎಲ್ಲರೂ ‘ಮುಗೀತು’ ಅಂತ ಕೂತಿದ್ದರೆ ಮುಗಿದೇ ಹೋಗುತ್ತಿತ್ತು. ನೌಕರರು, ಸಂಘಟನೆಗಳು ಸುಮ್ಮನಿರಲಿಲ್ಲ. ಕೆ. ರತ್ನಪ್ರಭಾ ಸಮಿತಿ ಇಲಾಖೆ ಇಲಾಖೆಯ ಅಂಕಿ-ಅಂಶ ಕೂಡಿಸಿತು. ಅದರ ಆಧಾರದ ಮೇಲೆ 2018ರಲ್ಲಿ ಹೊಸ ಕಾಯ್ದೆ ಬಂತು. ಅದನ್ನೂ ಪ್ರಶ್ನಿಸಿದರು. 2019ರ ಮೇ 10ರಂದು ಅದೇ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಲೆಕ್ಕ ಇಲ್ಲದಾಗ ಬಿದ್ದದ್ದು ಲೆಕ್ಕ ತಂದಾಗ ನಿಂತಿತು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇಡೀ ಸಮುದಾಯಕ್ಕೆ ಯಾವ ಮಾತೋ ಒಬ್ಬ ಸಿಪಾಯಿಗೂ ಅದೇ ಮಾತು. ‘ನನಗೆ ಅನ್ಯಾಯ ಆಗೇತಿ’ ಅಂತ ಹತ್ತು ಸಲ ಕೂಗಿದರೆ ಸಾಲದು. ‘ಇದೇ ತಪ್ಪಿಗೆ ಇಂಥವರಿಗೆ ಇಷ್ಟು, ನನಗೆ ಇಷ್ಟು’ ಅಂತ ಕಾಗದದ ಮೇಲೆ ತೋರಿಸಬೇಕು.

ದಾರಿ ಹೀಗಿದೆ. ರಾಜ್ಯ ಸರಕಾರಿ ನೌಕರನಿಗೆ ಶಿಕ್ಷೆಯ ಆದೇಶ ಬಂದರೆ, ಪ್ರತಿ ಕೈಗೆ ಸಿಕ್ಕ ದಿನದಿಂದ ಮೂರು ತಿಂಗಳೊಳಗೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹೋಗಬೇಕು. ಆರು ತಿಂಗಳಾದರೂ ಉತ್ತರ ಬರಲಿಲ್ಲವೋ, ಬಂದ ಉತ್ತರ ‘ಇಲ್ಲ’ ಎಂದೋ, ಆಗ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆ.ಎ.ಟಿ.ಗೆ ಹೋಗಬಹುದು. ಅಲ್ಲಿ ಗಡುವು ಒಂದು ವರ್ಷ. 1986ರಿಂದ ಬೆಂಗಳೂರಿನಲ್ಲಿದೆ, ಈಗ ಬೆಳಗಾವಿಯಲ್ಲೂ ಪೀಠ ಇದೆ. ವಕೀಲರಿಲ್ಲದೆ ತಾನೇ ನಿಂತು ವಾದಿಸಬಹುದು. ಅಲ್ಲೂ ಸೋತರೆ ಹೈಕೋರ್ಟು, ನಮಗೆ ಧಾರವಾಡದ ಪೀಠ.

ಒಂದು ಎಚ್ಚರಿಕೆ. ‘ಸಾಹೇಬ್ರು ನೋಡ್ತೀನಿ ಅಂದಾರ’ ಅಂತ ಮೇಲಿಂದ ಮೇಲೆ ಅರ್ಜಿ ಬರೆಯುತ್ತಾ ಕೂತರೆ ಗಡುವು ಬೆಳೆಯುವುದಿಲ್ಲ. 1989ರಲ್ಲೇ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ಸಾಹೇಬರ ಸಿಹಿಮಾತಿನಲ್ಲಿ ನಮ್ಮವರು ಕಳೆದುಕೊಂಡ ವರ್ಷಗಳು ಎಷ್ಟೋ. ವಾರ್ಷಿಕ ವರದಿಯನ್ನು ಗುಟ್ಟಾಗಿ ಇಡುವಂತಿಲ್ಲ, ನೌಕರನಿಗೆ ತಿಳಿಸಲೇಬೇಕು ಎಂದು 2008ರ ದೇವ್ ದತ್ ತೀರ್ಪು ಹೇಳಿದೆ. ಕಡತದ ಟಿಪ್ಪಣಿಯನ್ನು 2005ರ ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆಯಿರಿ. ಜನರ ಎದುರಿಗೆ ಜಾತಿ ಎತ್ತಿ ಬೈದರೆ ಅದು ಬರೀ ಇಲಾಖೆಯ ವಿಷಯ ಅಲ್ಲ, 1989ರ ದೌರ್ಜನ್ಯ ತಡೆ ಕಾಯ್ದೆಯ ಅಪರಾಧ. ಠಾಣೆಗೆ ಹೋಗಿ.

ಈ ಮೆಟ್ಟಿಲುಗಳೆಲ್ಲ ಕಾಯಂ ನೌಕರರಿಗೆ. ಹೊರಗುತ್ತಿಗೆಯ ಮೇಲೆ ಕಸ ಗುಡಿಸುವ, ಆಸ್ಪತ್ರೆ ತೊಳೆಯುವ ನಮ್ಮ ತಾಯಂದಿರಿಗೆ ಇವು ಇಲ್ಲ. ನಾಳೆಯಿಂದ ಬರಬೇಡ ಅಂದರೆ ಅವರಿಗೆ ಹಿಂಬರಹವೂ ಸಿಗುವುದಿಲ್ಲ. ಕಾಯಂ ಆದವರು ಇದನ್ನು ಮರೆತರೆ ನಾವೂ ಇನ್ನೊಂದು ಮೇಲ್ಜಾತಿ ಆಗುತ್ತೇವೆ.

ಗೆಳೆಯರೇ, ಮೇಲ್ಮನವಿ ಹಾಕಿದವನು ಆಫೀಸಿನಲ್ಲಿ ಒಂಟಿಯಾಗುತ್ತಾನೆ. ಚಹಾಕ್ಕೆ ಕರೆಯುವವರು ಇರುವುದಿಲ್ಲ. ನಮ್ಮವರೇ ಕೆಲವರು ‘ನಿನಗ್ಯಾಕ ಬೇಕಿತ್ತು’ ಅಂತಾರೆ. ಅವನ ಜೊತೆ ಕೂರುವವರು ನೀವಾಗಬೇಕು. ನಿಮ್ಮ ಅಪ್ಪನೋ ಚಿಗವ್ವನೋ ನೌಕರಿಯಲ್ಲಿದ್ದರೆ ಈ ಸಲ ಊರಿಗೆ ಹೋದಾಗ ಟ್ರಂಕಿನಲ್ಲಿರುವ ನೋಟೀಸು, ಹಿಂಬರಹ ತೆಗೆಸಿ ಓದಿ. ತಾರೀಖು ನೋಡಿ. ಅರ್ಜಿ ಬರೆದುಕೊಡಿ, ಸ್ವೀಕೃತಿ ಮೊಹರು ಹಾಕಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಹಾಸ್ಟೆಲ್ಲಿನಲ್ಲಿ ವಾರಕ್ಕೊಂದು ಸಂಜೆ ಇದನ್ನೇ ಕಲಿಯಿರಿ. ಕಲಿತ ಅಕ್ಷರ ಕೇರಿಗೆ ಮೊದಲು ಈ ರೀತಿಯಲ್ಲಿ ಉಪಯೋಗಕ್ಕೆ ಬರಲಿ.

ಜೈ ಭೀಮ್.