‘ಇಲ್ಲ’ ಎಂದು ಬರೆಯುವ ಮುನ್ನ

(ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳು)



ಬೆಳಿಗ್ಗೆ ನೀವೆಲ್ಲ ಹೆಸರು ಬರೆಸುತ್ತಿದ್ದಾಗ ನಾನು ಆ ಮೇಜಿನ ಪಕ್ಕ ಕೂತು ನಿಮ್ಮ ಸಂಘಗಳ ವಾರ್ಷಿಕ ವರದಿಗಳನ್ನು ಓದುತ್ತಿದ್ದೆ. ಉಳಿತಾಯ ಎಷ್ಟು, ಸಾಲ ಎಷ್ಟು, ಮರುಪಾವತಿ ಎಷ್ಟು, ಎಲ್ಲವೂ ಅಚ್ಚುಕಟ್ಟಾಗಿದೆ. ಕೊನೆಯ ಪುಟದಲ್ಲಿ ಒಂದು ಕಾಲಂ ಇದೆ. ‘ಈ ವರ್ಷ ಸಂಘದ ಮುಂದೆ ಬಂದ ವರದಕ್ಷಿಣೆ, ಕೌಟುಂಬಿಕ ದೌರ್ಜನ್ಯದ ಪ್ರಕರಣಗಳು.’ ಅದರ ಮುಂದೆ ಹೆಚ್ಚುಕಡಿಮೆ ಎಲ್ಲರೂ ಬರೆದಿರುವುದು ಒಂದೇ ಮಾತು: ‘ಇಲ್ಲ’. ಒಂದು ಸಂಘ ಮಾತ್ರ ‘ಏಳು’ ಎಂದು ಬರೆದಿದೆ. ಯಾವ ಸಂಘ ಎಂದು ನಾನು ಹೇಳುವುದಿಲ್ಲ. ವರದಿ ಕೊಡಲು ಬಂದವರು ದನಿ ತಗ್ಗಿಸಿ, “ನಮ್ಮೂರು ಸ್ವಲ್ಪ ಹಂಗೇ ಕಣಕ್ಕ” ಎಂದರು, ತಪ್ಪು ಮಾಡಿದವರ ಹಾಗೆ.

ನನಗೆ ಕೊಟ್ಟಿರುವ ವಿಷಯ ‘ನಾಯಕತ್ವ ಮತ್ತು ಸಂಘದ ನಿರ್ವಹಣೆ’. ಆ ‘ಇಲ್ಲ’ ಮತ್ತು ಆ ‘ಏಳು’, ಇವೆರಡನ್ನು ಬಿಟ್ಟು ಬೇರೆ ಮಾತು ಇವತ್ತು ನನಗೆ ಹೊಳೆಯುತ್ತಿಲ್ಲ.

ಅಮೆರಿಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಇದ್ದಾರೆ. 1990ರ ದಶಕದಲ್ಲಿ ಆಕೆ ಇನ್ನೂ ವಿದ್ಯಾರ್ಥಿನಿ. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಒಂದು ಅಧ್ಯಯನ ನಡೆದಿತ್ತು. ಎರಡು ಆಸ್ಪತ್ರೆಗಳ ಎಂಟು ವಿಭಾಗಗಳಲ್ಲಿ ದಾದಿಯರು ಪರಸ್ಪರ ಹೇಗೆ ಕೆಲಸ ಮಾಡುತ್ತಾರೆ ಎಂದು ನೋಡುವುದು ಈಕೆಯ ಪಾಲಿಗೆ ಬಂತು. ಒಗ್ಗಟ್ಟಿರುವ ಕಡೆ, ಮುಖ್ಯ ದಾದಿ ಒಳ್ಳೆಯವರಿರುವ ಕಡೆ ತಪ್ಪು ಕಡಿಮೆ ಇರುತ್ತದೆ ಎಂದು ಆಕೆ ಎಣಿಸಿದ್ದರು. ನಾವಾದರೂ ಹಾಗೇ ಎಣಿಸುತ್ತಿದ್ದೆವು. ಲೆಕ್ಕ ಮಾಡಿದರೆ ತಿರುಗಾಮುರುಗಾ! ಒಳ್ಳೆಯ ತಂಡಗಳಲ್ಲೇ ತಪ್ಪು ಹೆಚ್ಚು ದಾಖಲಾಗಿತ್ತು. ಆಕೆ ಗಾಬರಿಯಾದರು. ಆಮೇಲೆ ಒಬ್ಬ ಸಹಾಯಕರನ್ನು, ಈ ಲೆಕ್ಕದ ಸುದ್ದಿಯನ್ನೇ ಹೇಳದೆ, ಆ ವಿಭಾಗಗಳಿಗೆ ಕಳಿಸಿದರು. ಅವರು ದಿನಗಟ್ಟಲೆ ನೋಡಿ, ಮಾತಾಡಿಸಿ ಬಂದ ಮೇಲೆ ಗುಟ್ಟು ತಿಳಿಯಿತು. ತಪ್ಪು ಹೇಳಿದರೆ ಬೈಗುಳವಿಲ್ಲ ಎಂಬ ಧೈರ್ಯವಿದ್ದಲ್ಲಿ ದಾದಿಯರು ಬಂದು ಹೇಳುತ್ತಿದ್ದರು, ಎಲ್ಲರೂ ಸೇರಿ ಸರಿಮಾಡುತ್ತಿದ್ದರು. ಹೇಳಿದರೆ ಮಾನ ಹೋಗುತ್ತದೆ ಎಂಬ ಕಡೆ ಮುಚ್ಚಿಡುತ್ತಿದ್ದರು. ರೋಗಿಗೆ ತಪ್ಪು ಔಷಧಿ ಹೋಗುವುದು ನಿಂತಿರಲಿಲ್ಲ, ಪುಸ್ತಕಕ್ಕೆ ಬರುವುದು ನಿಂತಿತ್ತು.

ಮುಂದೆ 1999ರಲ್ಲಿ ಆಕೆ ಒಂದು ಪೀಠೋಪಕರಣ ಕಂಪನಿಯ 51 ತಂಡಗಳನ್ನು ಅಧ್ಯಯನ ಮಾಡಿ ಈ ಗುಣಕ್ಕೊಂದು ಹೆಸರನ್ನೂ ಕೊಟ್ಟರು. ಪಂಡಿತರ ಹೆಸರು ನಮಗೆ ಬೇಡ. ‘ಇಲ್ಲಿ ಬಾಯಿ ಬಿಟ್ಟರೆ ನನಗೆ ಅವಮಾನವಾಗುವುದಿಲ್ಲ’ ಎಂಬ ನಂಬಿಕೆ, ಅಷ್ಟೆ.

ಈಗ ನನ್ನ ಸಂಘದ ಕಥೆ ಹೇಳುತ್ತೇನೆ. ಹೇಳಲು ನಾಚಿಕೆಯಾಗುತ್ತದೆ.

ನಾನು ಪ್ರತಿನಿಧಿಯಾಗಿದ್ದಾಗ ನಮ್ಮದು ಮಾದರಿ ಸಂಘ. ಇಪ್ಪತ್ತು ಜನ, ಮಂಗಳವಾರ ಸಂಜೆ ಸಭೆ, ತಡವಾಗಿ ಬಂದರೆ ಎರಡು ರೂಪಾಯಿ ದಂಡ. ಐದು ವರ್ಷ ಒಂದೇ ಒಂದು ಕಂತು ತಪ್ಪಿರಲಿಲ್ಲ. ಬ್ಯಾಂಕಿನವರು ಬಂದು ಹಾರ ಹಾಕಿ ಹೋಗಿದ್ದರು. ಒಂದು ಸಲ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸಭೆಯ ನಡುವೆ, ಗಂಡ ರಾತ್ರಿ ಹೊಡೆದ ಎಂದು ಅಳತೊಡಗಿದಳು. ನಾನು ಲೆಕ್ಕ ಕೂಡುತ್ತಿದ್ದೆ. ತಲೆ ಎತ್ತದೆ, “ಮನೆ ವಿಷ್ಯ ಮನೇಲಿ ಬಿಟ್ಟು ಬಾರಮ್ಮ, ಮೊದಲು ಲೆಕ್ಕ ಮುಗಿಸೋಣ” ಅಂದೆ. ಅಷ್ಟೇ ಅಂದದ್ದು. ಕೆಟ್ಟ ಮನಸ್ಸಿನಿಂದ ಅಂದದ್ದೂ ಅಲ್ಲ. ಆದರೆ ಆ ದಿನ ಅಲ್ಲಿದ್ದ ಅಷ್ಟೂ ಹೆಂಗಸರು ಒಂದು ಪಾಠ ಕಲಿತರು. ಆಮೇಲೆ ನಮ್ಮ ಸಂಘದಲ್ಲಿ ಯಾರೂ ಅಳಲಿಲ್ಲ.

ಮುಂದಿನ ವರ್ಷ ಹಿರಿಯ ಸದಸ್ಯೆಯೊಬ್ಬರು ಹದಿನೈದು ಸಾವಿರ ಸಾಲ ಕೇಳಿದರು. “ಏನಂತ ಬರೀಲಕ್ಕ?” ಅಂದೆ. “ಹಸು ಅಂತ ಬರ್ಕೊಳಮ್ಮ” ಅಂದರು. ಅವರ ಮನೆಯಲ್ಲಿ ಕೊಟ್ಟಿಗೆಯಿಲ್ಲ. ಹಿಂದಿನ ವರ್ಷ ಮಗಳ ಮದುವೆಯಾಗಿತ್ತು, ಬೀಗರು ಬೈಕಿನ ದುಡ್ಡು ಬಾಕಿ ಇದೆ ಎಂದು ಹುಡುಗಿಯನ್ನು ಎರಡು ಸಲ ತವರಿಗೆ ಕಳಿಸಿದ್ದರು. ಇಷ್ಟೂ ಊರಿಗೆ ಗೊತ್ತು. ನಾನು ‘ಹಸು’ ಎಂದು ಬರೆದೆ. ಇಬ್ಬರು ಜಾಮೀನು ಹಾಕಿದರು. ನಾವೆಲ್ಲ ವಾರವಾರ ಹತ್ತು ಹತ್ತು ರೂಪಾಯಿ ಕೂಡಿಸಿದ ಹಣ ಹೀಗೆ ವರದಕ್ಷಿಣೆಯಾಗಿ ಹೋಯಿತು. ವರದಕ್ಷಿಣೆ ವಿರುದ್ಧ ಪ್ರತಿಜ್ಞೆ ಓದಿ ಸಭೆ ಆರಂಭಿಸುತ್ತಿದ್ದ ಸಂಘ ನಮ್ಮದು!

ಆಕೆ ಒಂದು ಕಂತೂ ತಪ್ಪಿಸಲಿಲ್ಲ. ಹಗಲು ಕೂಲಿ, ರಾತ್ರಿ ಊದುಬತ್ತಿ ಹೊಸೆಯುವುದು. ಸಾಲ ತೀರಿದ ದಿನ ನಾನು ಎದ್ದು ನಿಂತು, ಸಾಲ ಹೇಗೆ ತೀರಿಸಬೇಕು ಎಂದು ಇವರನ್ನು ನೋಡಿ ಕಲಿಯಿರಿ ಎಂದು ಚಪ್ಪಾಳೆ ತಟ್ಟಿಸಿದೆ. ಅದಾಗಿ ತಿಂಗಳೊಳಗೆ ಮಗಳು ಮುರಿದ ಕೈಯಲ್ಲಿ ರಾತ್ರಿ ಬಸ್ಸಿನಲ್ಲಿ ಬಂದಿಳಿದಳು. ಬೈಕ್ ಆದ ಮೇಲೆ ಬೀಗರು ಮತ್ತೇನನ್ನೋ ಕೇಳಿದ್ದರು. ಆಸ್ಪತ್ರೆಯ ಪಡಸಾಲೆಯಲ್ಲಿ ನಾನು ಆಕೆಯನ್ನು, “ಯಾಕಕ್ಕ ಒಂದು ಮಾತು ಹೇಳಬಾರದಿತ್ತಾ?” ಎಂದೆ. ಆಕೆ ಸಿಟ್ಟು ಮಾಡಲಿಲ್ಲ. “ನೀವು ಹಸೂನೇ ಕೇಳ್ತಿದ್ರಿ ಕಣಮ್ಮ. ಮಗಳನ್ನ ಯಾರೂ ಕೇಳ್ಲಿಲ್ಲ” ಎಂದರು.

ಆ ವರ್ಷದ ವರದಿಯಲ್ಲಿ ದೌರ್ಜನ್ಯದ ಪ್ರಕರಣದ ಮುಂದೆ ನಾನು ಅದಾಗಲೇ ‘ಇಲ್ಲ’ ಎಂದು ಬರೆದು ಕಳಿಸಿಯಾಗಿತ್ತು.

ನನ್ನಂಥವಳು ಅಷ್ಟು ಸುಲಭವಾಗಿ ಬಾಯಿ ಮುಚ್ಚಿಸಲು ಹೇಗಾಯಿತು? ಪೆಟ್ಟಿಗೆಯ ಕೀ ನನ್ನ ಹತ್ತಿರ, ಪೆನ್ನು ನನ್ನ ಹತ್ತಿರ, ಬ್ಯಾಂಕಿನವರ ಪರಿಚಯ ನನಗೆ. ಬಾಯಲ್ಲಿ ಮಾತ್ರ ‘ನಮ್ಮಲ್ಲಿ ನಾಯಕಿ ಅಂತ ಯಾರೂ ಇಲ್ಲ, ಎಲ್ಲರೂ ಸಮಾನರು’. ಜೋ ಫ್ರೀಮನ್ ಎಂಬ ಸ್ತ್ರೀವಾದಿ 1970ರಲ್ಲಿ ಅಮೆರಿಕದ ಮಿಸಿಸಿಪಿಯ ಮಹಿಳಾ ಸಮಾವೇಶವೊಂದರಲ್ಲಿ ಇದನ್ನೇ ಹೇಳಿದ್ದರು. ನಾಯಕಿಯೇ ಇಲ್ಲ ಎನ್ನುವ ಗುಂಪಿನಲ್ಲೂ ನಾಯಕಿ ಇರುತ್ತಾಳೆ. ಆರಿಸಿದವರಿಲ್ಲದ ಕಾರಣ ಆಕೆಯನ್ನು ಕೇಳುವವರೂ ಇಲ್ಲ, ಇಳಿಸುವವರೂ ಇಲ್ಲ. ಅವರ ಸಲಹೆ ಸರಳ: ಕೆಲಸವನ್ನು ಒಪ್ಪಿಕೊಂಡು ಹಂಚಿ, ಸರದಿಯ ಮೇಲೆ ಬದಲಾಯಿಸಿ, ಮಾಹಿತಿ ಎಲ್ಲರ ಕೈಗೂ ಸಿಗಲಿ. ಸರದಿ ಎನ್ನುವುದು ನಮಗೆ ಹೊಸದಲ್ಲ, ನಮ್ಮ ನಿಯಮ ಪುಸ್ತಕದಲ್ಲೇ ಇದೆ. “ನಂಗೆ ಓದೋಕೆ ಬರಲ್ಲ, ನೀವೇ ಇರಿ” ಎಂದು ನೀವು ಅನ್ನುತ್ತೀರಿ, “ಸರಿ ಬಿಡಿ” ಎಂದು ನಮ್ಮಂಥವರು ಕೂತುಬಿಡುತ್ತೇವೆ. ಓದಲು ಬಾರದವರು ಸಭೆ ನಡೆಸಬಹುದು, ಬರೆಯುವವರು ಪಕ್ಕದಲ್ಲಿ ಕೂತು ಬರೆದರಾಯಿತು.

ನಮ್ಮ ದೇಶದ್ದೇ ಒಂದು ಅಧ್ಯಯನವಿದೆ. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ಪಂಚಾಯ್ತಿಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಸಿಕ್ಕಿತಲ್ಲ (ನಮ್ಮ ಕರ್ನಾಟಕದಲ್ಲಿ 1987ರ ಚುನಾವಣೆಯಲ್ಲೇ ಶೇಕಡಾ 25 ಇತ್ತು), ಅದು ಒಂದೊಂದು ರಾಜ್ಯದಲ್ಲಿ ಒಂದೊಂದು ವರ್ಷ ಜಾರಿಯಾಯಿತು. ಲಕ್ಷ್ಮಿ ಅಯ್ಯರ್, ಆನಂದಿ ಮಣಿ ಮತ್ತು ಅವರ ಸಂಗಡಿಗರು ಆ ವ್ಯತ್ಯಾಸ ಹಿಡಿದು ಪೊಲೀಸ್ ದಾಖಲೆ ನೋಡಿದರು. ಮಹಿಳಾ ಸದಸ್ಯರು ಬಂದ ಮೇಲೆ ಮಹಿಳೆಯರ ಮೇಲಿನ ಅಪರಾಧಗಳ ಸಂಖ್ಯೆ ದಾಖಲೆಯಲ್ಲಿ ಬಹಳ ಏರಿತ್ತು. ಬೇರೆ ಅಪರಾಧಗಳು ಹಾಗೆ ಏರಿರಲಿಲ್ಲ. ಅಪರಾಧವೇ ಹೆಚ್ಚಿದ್ದಕ್ಕಿಂತ ದೂರು ಕೊಡುವವರು ಹೆಚ್ಚಿದ್ದೇ ಮುಖ್ಯ ಕಾರಣವೆಂದು, ಇದು ಒಳ್ಳೆಯ ಸುದ್ದಿಯೆಂದು ಅವರು 2012ರಲ್ಲಿ ಬರೆದರು.

ಹಾಗೆಂದು ಏರಿದ ಅಂಕಿಯೆಲ್ಲ ಒಳ್ಳೆಯದು ಎನ್ನಲು ನಾನು ಸಿದ್ಧಳಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ಹೆಂಗಸರು ನಾಲ್ಕನೇ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ನೂರಕ್ಕೆ ಸುಮಾರು 21. 2019-20ರ ಐದನೇ ಸುತ್ತಿನಲ್ಲಿ 44. ಹೊಡೆತ ಇಮ್ಮಡಿಯಾಯಿತೋ, ಹೇಳುವ ಧೈರ್ಯ ಇಮ್ಮಡಿಯಾಯಿತೋ, ಆ ಅಂಕಿಯೊಂದೇ ಹೇಳಲಾರದು. ಆದರೆ ನೂರಕ್ಕೆ 44 ಎಂದರೆ ಇಪ್ಪತ್ತು ಜನರ ಸಂಘದಲ್ಲಿ ಎಂಟೊಂಬತ್ತು ಜನ. ಈಗ ನಿಮ್ಮ ‘ಇಲ್ಲ’ವನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಗಾರ್ಮೆಂಟ್ಸಿಗೆ ಹೋಗುವ ಅಕ್ಕತಂಗಿಯರೂ ಇಲ್ಲಿದ್ದೀರಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಹತ್ತು ಜನ ಕೆಲಸ ಮಾಡುವ ಕಡೆಯೆಲ್ಲ ಆಂತರಿಕ ಸಮಿತಿ ಇರಬೇಕು, ಅಧ್ಯಕ್ಷೆ ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಅರ್ಧಕ್ಕಾದರೂ ಮಹಿಳೆಯರಿರಬೇಕು. ವರ್ಷದ ಕೊನೆಗೆ ‘ದೂರುಗಳು: ಸೊನ್ನೆ’ ಎಂದು ವರದಿ ಹೋದರೆ, ಆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಲೈನಿನಲ್ಲಿ ಕೂತ ಹುಡುಗಿಗೆ ಗೊತ್ತಿದೆಯೇ ಎಂದು ಮೊದಲು ಕೇಳಿ.

ಆ ಕೈ ಮುರಿದ ಹುಡುಗಿ ಬಂದ ಮೇಲೆ ನಮ್ಮ ಸಂಘದಲ್ಲಿ ಮಾಡಿದ್ದು ದೊಡ್ಡದೇನಲ್ಲ. ಮೊದಲ ಸಭೆಯಲ್ಲಿ ನಾನೇ ಎದ್ದು, ಹಸುವಿನ ವಿಷಯದಲ್ಲಿ ತಪ್ಪು ನನ್ನದು ಎಂದೆ. ಕೀ ಇನ್ನೊಬ್ಬರಿಗೆ ಕೊಟ್ಟೆ. ಲೆಕ್ಕಕ್ಕಿಂತ ಮೊದಲು ‘ಮನೆ ಕಡೆ ಹೇಗಿದೆ?’ ಎಂದು ಸುತ್ತು ಕೇಳುವುದೆಂದು ಮಾಡಿಕೊಂಡೆವು. ಮೂರು ವಾರ ಎಲ್ಲರೂ “ಚೆನ್ನಾಗಿದೆ” ಎಂದರು. ನಾಲ್ಕನೇ ವಾರ, ಹಿಂದೆ ನಾನು ಬಾಯಿ ಮುಚ್ಚಿಸಿದ್ದ ಆ ಹುಡುಗಿಯೇ ಸೆರಗು ಸರಿಸಿ ಭುಜ ತೋರಿಸಿದಳು.

ಒಂದು ಎಚ್ಚರಿಕೆ. ನಡಾವಳಿ ಪುಸ್ತಕದಲ್ಲಿ ಹೆಸರು ಬರೆಯಬೇಡಿ. ಆ ಪುಸ್ತಕ ಬ್ಯಾಂಕಿಗೆ ಹೋಗುತ್ತದೆ, ಮೇಲ್ವಿಚಾರಕರ ಕೈಗೆ ಹೋಗುತ್ತದೆ, ಒಮ್ಮೊಮ್ಮೆ ಗಂಡಂದಿರೂ ತೆರೆದು ನೋಡುತ್ತಾರೆ. ಸಂಖ್ಯೆ ಮಾತ್ರ ಬರೆಯಿರಿ. ಪೂರ್ತಿ ಮಾತು ಆಕೆ ಆರಿಸಿಕೊಂಡ ಇಬ್ಬರ ಹತ್ತಿರ ಇರಲಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಂತೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಬಹುದು, ಸದ್ಭಾವನೆಯಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ. ಆದರೆ ಆಕೆಯನ್ನು ಕೇಳದೆ ಮುಂದೆ ಹೋಗಬೇಡಿ, ರಾತ್ರಿ ಆ ಮನೆಯಲ್ಲಿ ಮಲಗುವವಳು ಆಕೆ. ವರದಕ್ಷಿಣೆ ಕೊಟ್ಟದ್ದೂ ಅಪರಾಧವೆಂದು ಹೆದರಿ ಸುಮ್ಮನಿರುವ ತಾಯಂದಿರಿಗೆ, ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರನ್ನೇ ಶಿಕ್ಷೆಗೆ ಗುರಿಮಾಡುವಂತಿಲ್ಲ ಎಂದು 1961ರ ಕಾಯ್ದೆಯಲ್ಲೇ ಇದೆ ಎಂದು ತಿಳಿಸಿ.

ನಿಮ್ಮ ವರದಿಗಳೆಲ್ಲ ಇಲ್ಲೇ ಮೇಜಿನ ಮೇಲಿವೆ. ಒಕ್ಕೂಟದ ಅಧ್ಯಕ್ಷರನ್ನು ಕೇಳಿದ್ದೇನೆ, ಸಂಜೆಯವರೆಗೆ ಅವನ್ನು ಕಟ್ಟುವುದಿಲ್ಲ ಎಂದಿದ್ದಾರೆ. ಊಟವಾದ ಮೇಲೆ ನಿಮ್ಮ ನಿಮ್ಮ ಸಂಘದವರು ಒಂದೊಂದು ಮರದ ಕೆಳಗೆ ಕೂತು ಮಾತಾಡಿ. ಕೊನೆಯ ಪುಟ ತಿದ್ದಬೇಕು ಅನ್ನಿಸಿದವರು ಬನ್ನಿ, ಪೆನ್ನು ಅಲ್ಲೇ ಇಟ್ಟಿರುತ್ತೇನೆ.