ಮನೆಯ ಗಣಕದಲ್ಲಿ ಜಾವಾ ಕಲಿಕೆ



ಗಣಕಯಂತ್ರವನ್ನು ಬಳಸುವುದು ಒಂದು ವಿದ್ಯೆ. ಅದಕ್ಕೆ ಕೆಲಸವನ್ನು ವಿಧಿಸುವ ಕ್ರಮವಿಧಿಯನ್ನು, ಅಂದರೆ ಪ್ರೋಗ್ರಾಮನ್ನು, ಬರೆಯುವುದು ಇನ್ನೊಂದು ವಿದ್ಯೆ. ಈ ಎರಡನೆಯ ವಿದ್ಯೆಗೆ ದುಬಾರಿ ಶುಲ್ಕವೂ ಇಂಗ್ಲಿಷಿನ ಪಾಂಡಿತ್ಯವೂ ಅನಿವಾರ್ಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಮಕ್ಕಳು ಈ ಅಂಜಿಕೆಯಿಂದಲೇ ಹಿಂದೆ ಸರಿಯುತ್ತಾರೆ. ಸಾಲ ಮಾಡಿ ಮಕ್ಕಳಿಗೆ ಪ್ರಮಾಣಪತ್ರ ಕೊಡಿಸುವ ತಂದೆತಾಯಿಗಳೂ ಇದ್ದಾರೆ. ಪ್ರಮಾಣಪತ್ರ ಕೈಗೆ ಬಂದ ಮೇಲೂ ಚಿಕ್ಕದೊಂದು ಕ್ರಮವಿಧಿಯನ್ನು ಸ್ವತಂತ್ರವಾಗಿ ಬರೆಯಲು ಬಾರದಿದ್ದರೆ ಆ ಹಣ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ. ಜಾವಾ ಎಂಬ ಗಣಕಭಾಷೆಯನ್ನು ಮನೆಯ ಗಣಕದಲ್ಲಿಯೇ, ಶುಲ್ಕವಿಲ್ಲದೆ ಕಲಿಯಬಹುದೆಂಬುದನ್ನು ತಮ್ಮ ಮುಂದೆ ನಿವೇದಿಸಬಯಸುತ್ತೇನೆ.

ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಅವರ ಸಂಗಡಿಗರು 1991ರಲ್ಲಿ ಈ ಕಾರ್ಯವನ್ನು ಆರಂಭಿಸಿದರು. ಗೃಹೋಪಯೋಗಿ ವಿದ್ಯುನ್ಮಾನ ಉಪಕರಣಗಳಿಗಾಗಿ ರೂಪುಗೊಂಡ ಈ ಭಾಷೆಗೆ ಮೊದಲಿದ್ದ ಹೆಸರು ಓಕ್. 1995ರಲ್ಲಿ ಅದು ಜಾವಾ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಯವಾಯಿತು. 2010ರಲ್ಲಿ ಸನ್ ಸಂಸ್ಥೆಯು ಒರಾಕಲ್ ಸಂಸ್ಥೆಯ ವಶವಾಯಿತು.

ಜಾವಾದ ವೈಶಿಷ್ಟ್ಯವೆಂದರೆ, ನಾವು ಬರೆದ ಕ್ರಮವಿಧಿಯು ಮೊದಲು ಬೈಟ್‌ಕೋಡ್ ಎಂಬ ಮಧ್ಯರೂಪಕ್ಕೆ ಪರಿವರ್ತನೆಯಾಗುತ್ತದೆ. ಆ ಮಧ್ಯರೂಪವನ್ನು ಓದಿ ನಡೆಸುವ ಜಾವಾ ವರ್ಚುವಲ್ ಮಷಿನ್ ಎಂಬ ತಂತ್ರಾಂಶವು ಆಯಾ ಗಣಕದಲ್ಲಿರುತ್ತದೆ. ಒಂದೇ ಸ್ವರಲಿಪಿಯನ್ನು ವೀಣೆಯವರೂ ಕೊಳಲಿನವರೂ ತಮ್ಮ ತಮ್ಮ ವಾದ್ಯಗಳಲ್ಲಿ ನುಡಿಸುವಂತೆ, ಒಂದೇ ಕ್ರಮವಿಧಿಯು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯಬಲ್ಲದು.

ಕಲಿಕೆಗೆ ಬೇಕಾದ ಮುಖ್ಯ ಸಾಧನ ಜೆಡಿಕೆ ಎಂಬ ತಂತ್ರಾಂಶದ ಕಟ್ಟು. ಓಪನ್‌ಜೆಡಿಕೆ ಎಂಬ ಮುಕ್ತ ರೂಪದಲ್ಲಿ ಇದು ಉಚಿತವಾಗಿ ದೊರೆಯುತ್ತದೆ. ಆರಂಭದಲ್ಲಿ ಸಾಧಾರಣ ಪಠ್ಯ ಸಂಪಾದಕದಲ್ಲಿಯೇ ಬರೆಯುವುದು ಹಿತ. ಬರೆದ ಕಡತವನ್ನು ಜಾವಾಸಿ ಎಂಬ ಅನುವಾದಕಕ್ಕೆ ಒಪ್ಪಿಸಿ, ಅದು ಕೊಟ್ಟ ಫಲವನ್ನು ಜಾವಾ ಎಂಬ ಆದೇಶದಿಂದ ನಡೆಸಬೇಕು. ಈ ಎರಡು ಹಂತಗಳು ಮನದಟ್ಟಾದ ಮೇಲೆ ಎಕ್ಲಿಪ್ಸ್ ಅಥವಾ ನೆಟ್‌ಬೀನ್ಸ್‌ನಂತಹ ಸೌಕರ್ಯಗಳನ್ನು ಬಳಸಬಹುದು, ಅವೂ ಉಚಿತವೇ.

ಅನುವಾದಕವು ದೋಷವನ್ನು ತೋರಿಸಿದಾಗ ಹೊಸಬರು ಎದೆಗುಂದುತ್ತಾರೆ. ವಾಸ್ತವದಲ್ಲಿ ಅದು ಶಿಕ್ಷೆಯಲ್ಲ, ಪಾಠ. ದೋಷವಿರುವ ಕಡತದ ಹೆಸರು, ಸಾಲಿನ ಸಂಖ್ಯೆ ಅದರಲ್ಲಿರುತ್ತವೆ. ಒಂದು ಚಿಹ್ನೆ ಬಿಟ್ಟುಹೋದರೆ ಹಲವು ದೋಷಗಳು ಕಾಣಿಸಬಹುದು. ಆದುದರಿಂದ ಮೊದಲನೆಯದನ್ನು ಸರಿಪಡಿಸಿ ಮತ್ತೆ ಪರೀಕ್ಷಿಸುವುದು ಜಾಣತನ. ಯಂತ್ರವು ತೋರಿಸದ ತಪ್ಪುಗಳೂ ಉಂಟು. ಪೂರ್ಣಾಂಕಗಳ ಲೆಕ್ಕದಲ್ಲಿ 7ನ್ನು 2ರಿಂದ ಭಾಗಿಸಿದರೆ ಜಾವಾ ಮೂರೂವರೆ ಎನ್ನುವುದಿಲ್ಲ, 3 ಎನ್ನುತ್ತದೆ. ಇಂಥದನ್ನು ಗುರುತಿಸುವ ಕಣ್ಣು ಸ್ವಂತ ಅಭ್ಯಾಸದಿಂದಲೇ ಬರಬೇಕು.

ಅಭ್ಯಾಸಕ್ಕೆ ಉಪಯುಕ್ತವಾದ ಕೆಲಸವೊಂದನ್ನು ಆರಿಸಿಕೊಳ್ಳುವುದು ಮೇಲು. ತಮ್ಮ ಊರಿನ ಕನ್ನಡ ಸಂಘದ ಪುಸ್ತಕ ಭಂಡಾರವನ್ನೇ ತೆಗೆದುಕೊಳ್ಳಿ. ಪುಸ್ತಕ ಎಂಬುದನ್ನು ಒಂದು ವರ್ಗವಾಗಿ ಕಲ್ಪಿಸಿದರೆ ಕಪಾಟಿನ ಪ್ರತಿಯೊಂದು ಪುಸ್ತಕವೂ ಆ ವರ್ಗದ ಒಂದು ವಸ್ತುವಾಗುತ್ತದೆ. ಹೆಸರು, ಲೇಖಕರು, ಎರವಲು ಕೊಟ್ಟ ದಿನಾಂಕ ಇವು ಅದರ ಗುಣಗಳು. ಹಿಂದಿರುಗಿಸಬೇಕಾದ ದಿನವನ್ನು ಲೆಕ್ಕ ಹಾಕುವ ಸೌಲಭ್ಯ ಜಾವಾದಲ್ಲಿಯೇ ಇದೆ. ಲೆಕ್ಕ ಸರಿಬಂದ ಬಳಿಕ, ಜೆಡಿಕೆಯ ಜೊತೆಗೇ ಬರುವ ಸ್ವಿಂಗ್ ಎಂಬ ಸಾಮಗ್ರಿಯಿಂದ ಕಿಟಕಿ, ಗುಂಡಿ, ಪಟ್ಟಿಗಳನ್ನು ಜೋಡಿಸಿದರೆ ಗ್ರಂಥಪಾಲಕರು ನಿತ್ಯವೂ ಬಳಸಬಹುದಾದ ತಂತ್ರಾಂಶ ಸಿದ್ಧವಾಗುತ್ತದೆ.

ಪುಸ್ತಕಗಳ ಹೆಸರುಗಳು ಕನ್ನಡದಲ್ಲಿಯೇ ಇರಬಹುದೇ? ಧಾರಾಳವಾಗಿ ಇರಬಹುದು. ಜಾವಾ ಆರಂಭದಿಂದಲೂ ಯೂನಿಕೋಡ್ ಪದ್ಧತಿಯನ್ನು ಅನುಸರಿಸಿದೆ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಕನ್ನಡ’ ಎಂಬಲ್ಲಿ ನಮ್ಮ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಜಾವಾ ಅದರ ಉದ್ದವನ್ನು 5 ಎಂದು ಎಣಿಸುತ್ತದೆ. ಒತ್ತಕ್ಷರವು ಎರಡು ನಕಾರಗಳಾಗಿ, ನಡುವೆ ವಿರಾಮ ಚಿಹ್ನೆಯೊಡನೆ ದಾಖಲಾಗಿರುವುದೇ ಇದರ ಕಾರಣ. ಕಡತಗಳನ್ನು ಯುಟಿಎಫ್-8 ಕ್ರಮದಲ್ಲಿ ಉಳಿಸುವುದೂ ಅವಶ್ಯ. 2022ರಲ್ಲಿ ಬಂದ 18ನೆಯ ಆವೃತ್ತಿಯಿಂದ ಇದೇ ಜಾವಾದ ಸಹಜ ಕ್ರಮ. ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಇದನ್ನು ಸೂಚಿಸದಿದ್ದರೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಮೂಡುವ ಸಂಭವವಿದೆ.

ಇಂಗ್ಲಿಷಿನ ವಿಷಯವನ್ನೂ ಹೇಳಬೇಕು. ಜಾವಾದ ಮೀಸಲು ಪದಗಳು ಸುಮಾರು 50 ಮಾತ್ರ. ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡು ಬಳಸುತ್ತ ಹೋದರೆ ಅವು ತಾವಾಗಿಯೇ ವಶವಾಗುತ್ತವೆ. ಮುಂದೆ ದೊಡ್ಡ ಕೈಪಿಡಿಗಳನ್ನು ಓದಲು ಇಂಗ್ಲಿಷ್ ಬೇಕಾಗುವುದು ನಿಜ. ಆದರೆ ಅದು ಕಲಿಯುತ್ತ ಬೆಳೆಸಿಕೊಳ್ಳುವ ಶಕ್ತಿಯೇ ಹೊರತು ಬಾಗಿಲಲ್ಲಿ ತಡೆಯುವ ಅಗಳಿಯಲ್ಲ. ಮುಂಬಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಭಾರತೀಯ ಭಾಷೆಗಳಲ್ಲಿ ಗಣಕ ಪಾಠಗಳನ್ನು ಉಚಿತವಾಗಿ ಒದಗಿಸುತ್ತಿದೆ. ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯಲ್ಲಿಯೂ ಜಾವಾ ಪಾಠಗಳು ನಡೆದಿವೆ.

ದಿನಕ್ಕೊಂದು ಗಂಟೆ ಮೀಸಲಿಡಿ. ಪಾಠದ ಉದಾಹರಣೆಗಳನ್ನು ನಕಲು ಮಾಡದೆ ಸ್ವಂತ ಕೈಯಿಂದ ಬೆರಳಚ್ಚಿಸಿ, ಒಂದೊಂದು ಸಾಲನ್ನು ಬದಲಿಸಿ ಫಲವನ್ನು ನೋಡಿ. ಸಂಘದ ಒಂದು ಹಳೆಯ ಗಣಕವನ್ನು ಬಿಡುವಿನ ದಿನಗಳಲ್ಲಿ ಕಿರಿಯರಿಗೆ ಬಿಟ್ಟುಕೊಡುವಂತೆ ಹಿರಿಯರಲ್ಲಿ ನನ್ನ ಸವಿನಯ ಪ್ರಾರ್ಥನೆ. ಶುಲ್ಕ ಕಟ್ಟಲಾರದ ಮಗುವಿಗೂ ಈ ವಿದ್ಯೆ ದಕ್ಕಲಿ.