ನಾಲ್ಕನೆಯ ತರಗತಿಯ ಎರೆಮಣ್ಣು



ಟೆಕ್ಸಸ್‌ನ ಸರ್ಕಾರಿ ಶಾಲೆಯಲ್ಲಿ ಮಗು ನಾಲ್ಕನೆಯ ತರಗತಿಗೆ ಬಂದಾಗ ಅದರ ಸಮಾಜ ಪಾಠ ಪೂರ್ತಿಯಾಗಿ ಟೆಕ್ಸಸ್‌ನ ಚರಿತ್ರೆಯಾಗುತ್ತದೆ. ಕ್ಯಾಡೊ, ಕರಾಂಕವಾ, ಕಮಾಂಚಿ ಜನರಿಂದ ಆರಂಭವಾಗುವ ಕಥೆ ಸ್ಪೇನ್ ಮತ್ತು ಮೆಕ್ಸಿಕೊಗಳ ಆಳ್ವಿಕೆಯನ್ನು ದಾಟಿ, 1836ರ ಅಲಾಮೊ ಮತ್ತು ಸ್ಯಾನ್ ಹಸಿಂಟೊ ಕದನಗಳ ಬಳಿ ಬಹಳ ಹೊತ್ತು ನಿಲ್ಲುತ್ತದೆ. ಅಲ್ಲಿಯವರೆಗೆ ಹೆದ್ದಾರಿಯ ಫಲಕಗಳಾಗಿದ್ದ ಹೂಸ್ಟನ್ ಮತ್ತು ಆಸ್ಟಿನ್ ಆ ವರ್ಷ ಮನುಷ್ಯರಾಗುತ್ತಾರೆ. ಡಲ್ಲಾಸ್ ಯಾರ ಹೆಸರೆಂಬುದು ಇತಿಹಾಸಕಾರರಲ್ಲಿ ಇನ್ನೂ ತೀರ್ಮಾನವಾಗಿಲ್ಲ; ನಿಜಕ್ಕೂ ಚರಿತ್ರೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ಇನ್ನೊಂದಿರಲಾರದು.

ಅದೇ ಮಗು ಗಣಿತದಲ್ಲಿ ನೂರು ಕೋಟಿಯವರೆಗಿನ ಸ್ಥಾನಬೆಲೆಯನ್ನೂ ಭಿನ್ನರಾಶಿಗಳನ್ನೂ, ವಿಜ್ಞಾನದಲ್ಲಿ ಶಿಲೆಗಳು ಸವೆದು ಕೊಚ್ಚಿಹೋಗಿ ನೆಲವಾಗುವ ಬಗೆಯನ್ನೂ ಕಲಿಯುತ್ತದೆ. ಹಣಕಾಸಿನ ಪಾಠದಲ್ಲಿ ಸ್ಥಿರ ವೆಚ್ಚ, ಬದಲಾಗುವ ವೆಚ್ಚ, ಲಾಭ ಎಂದರೇನೆಂದು ಹೇಳಿಕೊಡುತ್ತಾರೆ. ಆದರೆ ರಾಜ್ಯದ ಪರೀಕ್ಷೆ ನಾಲ್ಕನೆಯ ತರಗತಿಯಲ್ಲಿ ಓದು ಮತ್ತು ಗಣಿತಕ್ಕೆ ಮಾತ್ರ. ಸಮಾಜ ವಿಷಯದ ಪರೀಕ್ಷೆ ಬರುವುದು ಎಂಟನೆಯ ತರಗತಿಗೆ. ಪರೀಕ್ಷೆ ಇಲ್ಲದ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಉಳಿದ ಹೊತ್ತು ಸಿಗುತ್ತದೆ. ವಿಷಯಗಳ ನಡುವಿನ ಬೇಲಿಯೂ ಹಾಗೆಯೇ ಉಳಿಯುತ್ತದೆ. ಆ ಬೇಲಿಯನ್ನು ಒಂದೇ ಒಂದು ಕಡೆ ಮುರಿದು ನೋಡುವುದು ಈ ಮಾತಿನ ಉದ್ದೇಶ.

ಡಲ್ಲಾಸ್‌ನಿಂದ ಆಸ್ಟಿನ್ ಕಡೆಗೆ ಹೋಗುವ ದಾರಿಯುದ್ದಕ್ಕೂ ಇರುವುದು ಕಪ್ಪು ಎರೆಭೂಮಿ. ಮಣ್ಣಿನ ವಿಜ್ಞಾನಿಗಳು ಅದಕ್ಕೆ 'ಹೂಸ್ಟನ್ ಬ್ಲ್ಯಾಕ್' ಎನ್ನುತ್ತಾರೆ. ಬೇಸಿಗೆಯಲ್ಲಿ ಬಾಯಿಬಿಡುವ, ಮಳೆಯಲ್ಲಿ ಉಬ್ಬುವ ಈ ಮಣ್ಣಿನಿಂದಲೇ ಡಲ್ಲಾಸ್ ಆಸುಪಾಸಿನ ಮನೆಗಳ ಅಡಿಪಾಯ ಬಿರುಕು ಬಿಡುವುದು, ಜುಲೈ ತಿಂಗಳಲ್ಲಿ ಜನ ಅಡಿಪಾಯಕ್ಕೆ ನೀರುಣಿಸುವುದು. ಧಾರವಾಡ, ಗದಗಗಳಿಂದ ಬಂದವರಿಗೆ ಈ ಮಣ್ಣನ್ನು ಪರಿಚಯಿಸಬೇಕಾಗಿಲ್ಲ. ಎರಡೂ ಕಡೆ ಅದು ಹತ್ತಿಯ ಮಣ್ಣು.

ನಂಟು ಮಣ್ಣಿನಲ್ಲೇ ಮುಗಿಯುವುದಿಲ್ಲ. 1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆತಂದಿತು. ನ್ಯೂ ಓರ್ಲಿಯನ್ಸ್ ಬೀಜ ಧಾರವಾಡದ ನೆಲಕ್ಕೆ ಒಗ್ಗಿತು, 'ಧಾರವಾಡ-ಅಮೆರಿಕನ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1861ರಲ್ಲಿ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಬಂದರುಗಳು ಮುಚ್ಚಿದಾಗ ಲ್ಯಾಂಕಶೈರ್‌ನ ಗಿರಣಿಗಳು ಭಾರತದ ಕಡೆ ತಿರುಗಿದವು, ಇಲ್ಲಿಯ ಹತ್ತಿಯ ಬೆಲೆ ಏರಿತು. 1865ರಲ್ಲಿ ಯುದ್ಧ ನಿಂತಾಗ ಬೆಲೆ ಕುಸಿಯಿತು. ಅದೇ ವರ್ಷ ಜೂನ್ 19ರಂದು, ಹೂಸ್ಟನ್‌ಗೆ ಹತ್ತಿರದ ಗ್ಯಾಲ್ವೆಸ್ಟನ್‌ನಲ್ಲಿ, ಲಿಂಕನ್ನರ ಘೋಷಣೆಯಾದ ಎರಡೂವರೆ ವರ್ಷಗಳ ನಂತರ, ಗುಲಾಮರ ಬಿಡುಗಡೆಯ ಆದೇಶವನ್ನು ಹೊರಡಿಸಲಾಯಿತು.

ಹತ್ತಿಯ ಕಡೆಯಿಂದ ನೋಡಿದರೆ ಅಲಾಮೊ ಕೂಡ ಬೇರೆಯಾಗಿ ಕಾಣುತ್ತದೆ. 1829ರಲ್ಲಿ ಮೆಕ್ಸಿಕೊ ಗುಲಾಮಗಿರಿಯನ್ನು ರದ್ದುಪಡಿಸಿದಾಗ ಟೆಕ್ಸಸ್‌ಗೆ ವಿನಾಯಿತಿ ಪಡೆಯಲಾಯಿತು. 1830ರಲ್ಲಿ ಮೆಕ್ಸಿಕೊ ಅಮೆರಿಕದಿಂದ ಬರುವ ವಲಸೆಯನ್ನೇ ನಿಷೇಧಿಸಿತು. ಜನ ಪರವಾನಗಿ ಇಲ್ಲದೆಯೂ ಗಡಿ ದಾಟಿ ಬಂದರು. (ಇಂದಿನ ಟೆಕ್ಸಸ್ ರಾಜಕಾರಣಿಗಳ ಭಾಷಣ ಕೇಳುವಾಗ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.) 1836ರ ಟೆಕ್ಸಸ್ ಗಣರಾಜ್ಯದ ಸಂವಿಧಾನವು ಗುಲಾಮರನ್ನು ಬಿಡುಗಡೆಗೊಳಿಸುವ ಅಧಿಕಾರವನ್ನು ತನ್ನ ಶಾಸನಸಭೆಗೇ ಕೊಡಲಿಲ್ಲ. ಆಫ್ರಿಕನ್ ಮೂಲದ ಸ್ವತಂತ್ರ ವ್ಯಕ್ತಿಯೂ ಆ ಸಭೆಯ ಒಪ್ಪಿಗೆಯಿಲ್ಲದೆ ಅಲ್ಲಿ ಶಾಶ್ವತವಾಗಿ ನೆಲೆಸುವಂತಿರಲಿಲ್ಲ. 1860ರ ಜನಗಣತಿಯಲ್ಲಿ ಟೆಕ್ಸಸ್‌ನ ಜನ 6,04,215. ಅವರಲ್ಲಿ ಗುಲಾಮರು 1,82,566. ಸ್ಥಾನಬೆಲೆ ಮತ್ತು ಭಿನ್ನರಾಶಿ ಬಲ್ಲ ನಾಲ್ಕನೆಯ ತರಗತಿಯ ಮಗು ಇದು ಹತ್ತರಲ್ಲಿ ಮೂರು ಪಾಲು ಎಂದು ತಾನೇ ಕಂಡುಕೊಳ್ಳಬಲ್ಲದು.

ಪಠ್ಯಕ್ರಮ ಹೆಸರಿಸುವ ನಾಯಕರಲ್ಲಿ ಮಿರಾಬೋ ಲಾಮಾರ್ ಒಬ್ಬರು. 1839ರಲ್ಲಿ ಸಾರ್ವಜನಿಕ ಶಾಲೆಗಳಿಗಾಗಿ ಭೂಮಿ ಮೀಸಲಿಡಿಸಿದ ಅಧ್ಯಕ್ಷ ಅವರು. ಅದೇ ವರ್ಷ ಚೆರೋಕಿ ಜನರನ್ನು ಸೈನ್ಯ ಬಿಟ್ಟು ಪೂರ್ವ ಟೆಕ್ಸಸ್‌ನಿಂದ ಓಡಿಸಿದವರೂ ಅವರೇ. ಇವೆರಡನ್ನೂ ಒಂದೇ ದಿನ ಹೇಳುವ ಶಿಕ್ಷಕಿ ಎಷ್ಟು ಧೈರ್ಯವಂತಳಾಗಿರಬೇಕು ಎಂಬುದನ್ನು ತಿಳಿಯಲು ಈಚಿನ ಕೆಲವು ವರ್ಷಗಳನ್ನು ನೋಡಬೇಕು.

2021ರ ಕಾನೂನು ಗುಲಾಮಗಿರಿಯನ್ನು ಕಲಿಸಬಾರದೆಂದು ಹೇಳುವುದಿಲ್ಲ. ಅಮೆರಿಕದ ಸ್ಥಾಪನೆಯ ನಿಜವಾದ ತತ್ವಗಳಿಂದ ಆದ ವಿಚಲನೆಯೆಂದು ಮಾತ್ರ ಅದನ್ನು ಕಲಿಸಬೇಕು ಎನ್ನುತ್ತದೆ. ಗುಲಾಮಗಿರಿಯನ್ನೇ ಅಡಿಪಾಯಕ್ಕೆ ಹಾಕಿಕೊಂಡ 1836ರ ಸಂವಿಧಾನವನ್ನು ಈ ಚೌಕಟ್ಟಿನಲ್ಲಿ ಹೇಗೆ ಕೂರಿಸುವುದು? ಅದೇ ವರ್ಷ ಡಲ್ಲಾಸ್ ಬಳಿಯ ಸೌತ್‌ಲೇಕ್‌ನಲ್ಲಿ ಅಧಿಕಾರಿಯೊಬ್ಬರು, ಹೋಲೋಕಾಸ್ಟ್ ಕುರಿತ ಪುಸ್ತಕವಿದ್ದರೆ ಅದಕ್ಕೆ 'ವಿರುದ್ಧ' ದೃಷ್ಟಿಯ ಪುಸ್ತಕವನ್ನೂ ಇಡಿ ಎಂದು ಶಿಕ್ಷಕರಿಗೆ ಹೇಳಿದ್ದು ದೇಶದಾದ್ಯಂತ ಸುದ್ದಿಯಾಯಿತು. ಆಸ್ಟಿನ್‌ನ ಬುಲಕ್ ಚರಿತ್ರೆ ಸಂಗ್ರಹಾಲಯವು ಅಲಾಮೊ ಕಥೆಯನ್ನು ಪ್ರಶ್ನಿಸುವ ಪುಸ್ತಕವೊಂದರ ಕಾರ್ಯಕ್ರಮವನ್ನು ರದ್ದುಪಡಿಸಿತು. 2023ರಲ್ಲಿ ರಾಜ್ಯವು ಹೂಸ್ಟನ್ ಶಾಲಾ ಜಿಲ್ಲೆಯ ಚುನಾಯಿತ ಮಂಡಳಿಯನ್ನು ಬದಿಗೆ ಸರಿಸಿ ಆಡಳಿತ ವಹಿಸಿಕೊಂಡ ಮೇಲೆ ಹಲವು ಶಾಲೆಗಳ ಗ್ರಂಥಾಲಯಗಳು ಗ್ರಂಥಾಲಯಗಳಾಗಿ ಉಳಿಯಲಿಲ್ಲ. 2024ರ ನವೆಂಬರಿನಲ್ಲಿ ರಾಜ್ಯ ಶಿಕ್ಷಣ ಮಂಡಳಿಯು 8–7 ಮತಗಳಿಂದ ಐದನೆಯ ತರಗತಿಯವರೆಗಿನ ಬ್ಲೂಬಾನೆಟ್ ಪಾಠಗಳನ್ನು ಒಪ್ಪಿತು. ಓದಿನ ಪಾಠಗಳಲ್ಲಿ ಬೈಬಲ್ ಕಥೆಗಳು ಸೇರಿದವು. ಕಡ್ಡಾಯವಲ್ಲ, ಆದರೆ ಬಳಸುವ ಜಿಲ್ಲೆಗೆ ಪ್ರತಿ ಮಗುವಿನ ಲೆಕ್ಕದಲ್ಲಿ ಹಣವುಂಟು.

ಫ್ರಿಸ್ಕೊ, ಶುಗರ್‌ಲ್ಯಾಂಡ್, ರೌಂಡ್‌ರಾಕ್‌ಗಳ ಕನ್ನಡ ಮನೆಗಳಲ್ಲಿ ಬ್ಲೂಬಾನೆಟ್ ಬಗ್ಗೆ ಅಸಮಾಧಾನವಿದ್ದರೆ ಅದು ನ್ಯಾಯವೇ. ಆದರೆ 2022ರಲ್ಲಿ ಕರ್ನಾಟಕದ ಪಠ್ಯಪುಸ್ತಕ ಪರಿಷ್ಕರಣೆಯಲ್ಲಿ ಹೆಡಗೇವಾರ್ ಭಾಷಣ ಸೇರಿದಾಗ, ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಂಡಾಗ, ಇದೇ ಮನೆಗಳಲ್ಲಿ ಎಷ್ಟು ಮಂದಿಗೆ ಅದು ತಪ್ಪೆನಿಸಿತು? ಅಲ್ಪಸಂಖ್ಯಾತರಾಗಿರುವ ಕಡೆ ಜಾತ್ಯತೀತತೆ, ಬಹುಸಂಖ್ಯಾತರಾಗಿರುವ ಕಡೆ ಸಂಸ್ಕೃತಿ: ಈ ಎರಡು ಲೆಕ್ಕದ ಪುಸ್ತಕ ಮಕ್ಕಳ ಕಣ್ಣಿಗೆ ಬೀಳದೆ ಇರುವುದಿಲ್ಲ.

'ನಮಗೆ ಮತವಿಲ್ಲ, ಎಚ್-1ಬಿ' ಎಂಬ ಉತ್ತರ ಸಾಮಾನ್ಯ. ಮತವಿಲ್ಲ, ನಿಜ, ಶಾಲೆ ನಡೆಸುವ ಆಸ್ತಿ ತೆರಿಗೆಯನ್ನು ಮಾತ್ರ ಅವರೂ ಕಟ್ಟುತ್ತಾರೆ. ವೀಸಾದವರಿಗೆ ಇಂದು ಬಾಯಿ ತೆರೆಯಲು ಭಯವಿರುವುದೂ ಸುಳ್ಳಲ್ಲ. ಆದರೆ 2019ರ ರಾಜ್ಯ ಕಾನೂನಿನಂತೆ ಶಾಲಾ ಮಂಡಳಿಯ ಕಾರ್ಯಸೂಚಿಯ ವಿಷಯದ ಮೇಲೆ ಸಾರ್ವಜನಿಕರಿಗೆ ಮಾತನಾಡಲು ಅವಕಾಶ ಕೊಡಲೇಬೇಕು, ಅದಕ್ಕೆ ಮತದಾರರ ಚೀಟಿ ಕೇಳುವುದಿಲ್ಲ. ಪೌರತ್ವ ಪಡೆದು ಇಪ್ಪತ್ತು ವರ್ಷ ಕಳೆದವರ ಮೌನಕ್ಕೆ ಈ ನೆಪವೂ ಇಲ್ಲ. 2022ರಲ್ಲಿ ಎರಡನೆಯ ತರಗತಿಗೆ ಗುಲಾಮಗಿರಿಯನ್ನು 'ಅನೈಚ್ಛಿಕ ಸ್ಥಳಾಂತರ' ಎಂದು ಕರೆಯುವ ಸಲಹೆ ಬಂದಾಗ ರಾಜ್ಯ ಮಂಡಳಿ ಅದನ್ನು ವಾಪಸು ಕಳುಹಿಸಿತು. ಯಾರೋ ಕರಡನ್ನು ಓದಿದ್ದರಿಂದ ಅದು ಸಾಧ್ಯವಾಯಿತು.

2025ರ ಸೆಪ್ಟೆಂಬರಿನಲ್ಲಿ ಅದೇ ಮಂಡಳಿ ಸಮಾಜ ಪಾಠದ ಹೊಸ ಚೌಕಟ್ಟನ್ನು ಒಪ್ಪಿದೆ. ಮೂರರಿಂದ ಎಂಟನೆಯ ತರಗತಿಯವರೆಗೆ ಚರಿತ್ರೆ ಕಾಲಾನುಕ್ರಮದಲ್ಲಿ ಸಾಗುತ್ತದೆ; ಟೆಕ್ಸಸ್ ಮತ್ತು ಅಮೆರಿಕದ ಪಾಲು ಹಿಗ್ಗುತ್ತದೆ, ಉಳಿದ ಜಗತ್ತಿನದು ಕುಗ್ಗುತ್ತದೆ. 2030ರಿಂದ ಅದು ತರಗತಿಗೆ ಬರಬೇಕು. ಆಗ ಧಾರವಾಡದ ಹತ್ತಿಗೆ ಇಲ್ಲಿ ಜಾಗ ಇನ್ನೂ ಕಡಿಮೆ. ವಾರಾಂತ್ಯದ ಕನ್ನಡ ತರಗತಿಗಳು ವರ್ಣಮಾಲೆಯ ನಡುವೆ ಒಂದು ಭಾನುವಾರವನ್ನು ಅದಕ್ಕೆ ಬಿಟ್ಟುಕೊಡಬಹುದು. ಒಂದು ಹಿಡಿ ಎರೆಮಣ್ಣು ಮನೆಯ ಹಿತ್ತಲಿನಲ್ಲೇ ಸಿಗುತ್ತದೆ.